ಅಣ್ಣನ ಮನೆಯಲ್ಲಿ ಉಳಿದ ಔಷಧ

ಸ್ವೀಡನ್ನಿಗೆ ಹೋಗಿಬಂದೆ ಎಂದರೆ ಜನ ಮೊದಲು ಹಿಮ ನೋಡಿದಿರಾ ಎಂದು ಕೇಳುತ್ತಾರೆ. ನೋಡಲಿಲ್ಲ. ನಾನು ಹೋಗುವ ಹೊತ್ತಿಗೆ ಅದು ಕರಗಿಹೋಗಿತ್ತು. ಹದಿನೇಳು ದಿನಗಳಲ್ಲಿ ನಾನು ನೋಡಿದ್ದು ಒಂದು ಅಡುಗೆಮನೆ, ಒಂದು ಕಸದ ಕೋಣೆ, ಒಂದು ಪ್ರಾರ್ಥನಾಮಂದಿರ ಮತ್ತು ಒಂದು ಔಷಧದಂಗಡಿ. ಇಷ್ಟನ್ನು ಪ್ರವಾಸ ಎನ್ನಬಹುದೋ ಇಲ್ಲವೋ ತಿಳಿಯದು. ಆದರೂ ಬರೆದಿಡಬೇಕು ಅನ್ನಿಸಿದೆ.

ಮನೀಶ್ ನಗರ

ಅಣ್ಣ ವಾಸುದೇವ ನನಗಿಂತ ಆರು ವರ್ಷಕ್ಕೆ ದೊಡ್ಡವನು. ಗದಗಿನಲ್ಲಿ ಶಾಲೆ ಮುಗಿಸಿ, ಹುಬ್ಬಳ್ಳಿಯಲ್ಲಿ ಐಟಿಐ ಮಾಡಿ, ಪುಣೆಯ ಒಂದು ಕಾರ್ಖಾನೆ ಸೇರಿದ್ದ. ಅಲ್ಲಿಂದ ಅವನನ್ನು ಗೋಥೆನ್‌ಬರ್ಗ್ ಎಂಬ ಊರಿನ ಬೇರಿಂಗ್ ಕಾರ್ಖಾನೆಗೆ ಆರು ತಿಂಗಳ ತರಬೇತಿಗೆ ಕಳಿಸಿದರು. ಆ ಆರು ತಿಂಗಳು ಮೂವತ್ತು ವರ್ಷವಾಯಿತು. ಮದುವೆಯಾಗಲಿಲ್ಲ. ಭಾನುವಾರಕ್ಕೊಮ್ಮೆ ಫೋನು ಮಾಡುತ್ತಿದ್ದ. ಎರಡು ವರ್ಷದ ಹಿಂದೆ ಮೂತ್ರಪಿಂಡ ಕೆಟ್ಟಿವೆ ಎಂದು ಹೇಳಿದಾಗಲೂ ಯಂತ್ರದ ಯಾವುದೋ ಭಾಗ ಸವೆದಿದೆ ಎನ್ನುವ ಹಾಗೆಯೇ ಹೇಳಿದ. ಹೊಟ್ಟೆಗೆ ಒಂದು ನಳಿಗೆ ಹಾಕಿದ್ದಾರೆ, ಔಷಧದ ನೀರನ್ನು ಒಳಗೆ ಬಿಟ್ಟು ಹೊರಗೆ ತೆಗೆಯುವುದು, ಮನೆಯಲ್ಲೇ ಮಾಡಿಕೊಳ್ಳುತ್ತೇನೆ, ಸರಕಾರವೇ ಎಲ್ಲ ಕೊಡುತ್ತದೆ ಅಂದ. ಏಪ್ರಿಲ್ ಮೊದಲ ವಾರ ಅವನ ಎದುರುಮನೆಯಾಕೆ ಫೋನು ಮಾಡಿ, ವಾಸು ಇನ್ನಿಲ್ಲ ಎಂದಳು. ಅವಳ ಇಂಗ್ಲಿಷ್ ನಿಧಾನ, ನನ್ನದು ಕಚೇರಿಯ ಇಂಗ್ಲಿಷ್. ಆ ಒಂದು ವಾಕ್ಯವನ್ನು ಇಬ್ಬರೂ ಎರಡೆರಡು ಸಲ ಹೇಳಿದೆವು.

ನಮ್ಮ ಮನೆ ನಾಗಪುರದ ಮನೀಶ್ ನಗರ ಬಡಾವಣೆಯಲ್ಲಿ. ನಾನು ಆ ಊರಿನ ಒಂದು ಕೇಂದ್ರ ಸರಕಾರಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತೆಯಾಗಿ ಕೆಲಸ ಮಾಡಿದವಳು. ಎಸ್ಸೆಸ್ಸೆಲ್ಸಿ ಮತ್ತು ಟೈಪಿಂಗ್, ನನ್ನ ಓದು ಅಷ್ಟೇ. ನಮ್ಮವರಿಗೆ ಆಗತಾನೇ ಕಣ್ಣಿನ ಆಪರೇಷನ್ ಆಗಿತ್ತು. ಹೀಗಾಗಿ ಒಬ್ಬಳೇ ಹೊರಟೆ. ವೀಸಾ ಬರಲು ಎರಡು ವಾರ ಹಿಡಿಯಿತು. ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ ಎಂದುಕೊಂಡಿದ್ದೆ. ಮುಗಿದಿರಲಿಲ್ಲ. ಆ ದೇಶದಲ್ಲಿ ಹೆಣ ಮೂರು ನಾಲ್ಕು ವಾರ ಕಾಯುತ್ತದೆಯಂತೆ. ನಮ್ಮಲ್ಲಿ ದೂರದ ಊರಿನಿಂದ ಮಗ ಬರುವತನಕ ತಡೆಯಲೂ ಜನ ಗಡಿಯಾರ ನೋಡುತ್ತಾರೆ.

ಹೊರಡುವ ಹಿಂದಿನ ಸಂಜೆ ಕೆಳಗಿನ ಮನೆಯ ಪ್ರಮಿಳಾ ಬಂದಳು. ಸೊಲ್ಲಾಪುರದ ಕಡೆಯ ಕನ್ನಡದವಳು, ಪ್ರಾಥಮಿಕ ಶಾಲೆಯ ಶಿಕ್ಷಕಿ. ಅವಳ ಒಬ್ಬಳೇ ಮಗಳು ಮಂಜೂಷಾಗೆ ಇಪ್ಪತ್ನಾಲ್ಕು ವರ್ಷ. ಅವಳಿಗೂ ಮೂತ್ರಪಿಂಡದ್ದೇ ಕಾಯಿಲೆ. ವಾರಕ್ಕೆರಡು ಸಲ ಆಸ್ಪತ್ರೆಯಲ್ಲಿ ಡಯಾಲಿಸಿಸ್. ತಾಯಿಯ ಮೂತ್ರಪಿಂಡ ಹೊಂದಿಕೆಯಾಗಿತ್ತು, ಆದರೆ ಆಪರೇಷನ್ನಿಗೆ ಮೊದಲು ಹುಡುಗಿಯ ಮೈಯಲ್ಲಿ ರಕ್ತ ಏರಬೇಕಿತ್ತು. ಬೇರೆಯವರ ರಕ್ತ ಮತ್ತೆ ಮತ್ತೆ ಹಾಕಿದರೆ ಅವಳ ಮೈ ತಾಯಿಯ ಮೂತ್ರಪಿಂಡವನ್ನೂ ಒಪ್ಪದೆ ಹೋಗಬಹುದು ಎಂದು ಡಾಕ್ಟರು ಹೇಳಿದ್ದರು. ಉಳಿದ ದಾರಿ ರಕ್ತ ಹೆಚ್ಚಿಸುವ ಇಂಜೆಕ್ಷನ್ ಒಂದೇ, ಅದೂ ವಾರಕ್ಕೆರಡು ತಪ್ಪದೆ. ಅದರ ಬೆಲೆಗೆ ಪ್ರಮಿಳಾಳ ಸಂಬಳ ಸಾಲುತ್ತಿರಲಿಲ್ಲ. ಒಂದು ವಾರ ಕೊಟ್ಟರೆ ಒಂದು ವಾರ ಬಿಡುತ್ತಿದ್ದಳು.

ಡಯಾಲಿಸಿಸ್ ವಾರ್ಡಿನಲ್ಲಿ ಒಂದು ರೂಢಿಯಿದೆ. ಯಾರಾದರೂ ತೀರಿಕೊಂಡರೆ, ಅವರ ಮನೆಯಲ್ಲಿ ಉಳಿದ ಇಂಜೆಕ್ಷನ್ನುಗಳನ್ನು ಮನೆಯವರು ಮೂರನೆಯ ದಿನವೋ ಐದನೆಯ ದಿನವೋ ತಂದು ಪಕ್ಕದ ಹಾಸಿಗೆಯವರ ಕೈಗೆ ಕೊಟ್ಟುಹೋಗುತ್ತಾರೆ. ಕೇಳುವವರು ಕೇಳುವುದಿಲ್ಲ, ಕೊಡುವವರು ಹೇಳುವುದಿಲ್ಲ. ಮಂಜೂಳಿಗೆ ಹಾಗೆ ಎರಡು ಸಲ ಬಂದಿತ್ತು.

ಪ್ರಮಿಳಾ ಬಹಳ ಹೊತ್ತು ಸೆರಗಿನ ತುದಿ ಸುತ್ತುತ್ತ ಕೂತಳು. ನನ್ನನ್ನು ಅವಳು ಅತ್ತಿಗೆ ಎಂಬರ್ಥದಲ್ಲಿ ವೈನಿ ಎನ್ನುತ್ತಾಳೆ. ಕೊನೆಗೆ ಹೇಳಿದಳು: "ಈ ಹೊತ್ತಿನ್ಯಾಗ ಕೇಳೋ ಮಾತಲ್ಲರಿ ವೈನಿ. ಆದ್ರೂ ಕೇಳಾಕತ್ತೀನಿ. ಅಣ್ಣಾವ್ರ ಮನ್ಯಾಗ ಇಂಜೆಕ್ಷನ್ ಉಳದಿದ್ರ, ಮಂಜೂಗ ತರ್ರಿ."

ತರುತ್ತೇನೆ ಅಂದೆ. ಅವಳು ಬಾಗಿಲಾಚೆ ಇಟ್ಟುಬಂದಿದ್ದ ನೀಲಿ ಡಬ್ಬಿಯನ್ನು ಒಳಗೆ ತಂದಳು. ಪಲ್ಸ್ ಪೋಲಿಯೊ ದಿನ ಶಾಲೆಗೆ ಲಸಿಕೆ ಬರುವಂಥ ಡಬ್ಬಿ. ಪರಿಚಯದವರಿಂದ ಕೇಳಿ ತಂದಿದ್ದಳು. ಒಳಗೆ ನಾಲ್ಕು ಚಪ್ಪಟೆ ನೀರಿನ ಪ್ಯಾಕುಗಳು. ಪೋಲಿಯೊ ಡ್ಯೂಟಿ ಎಷ್ಟೋ ವರ್ಷ ಮಾಡಿದವಳು ಅವಳು. "ಚಲೋ ಗಟ್ಟಿ ಬರ್ಫ ಮಾಡ್ಕೊಂಡು ತರ್ರಿ. ಇಲ್ಲಿ ಬಂದು ಇಳಿಯೂದ್ರಾಗ ನಲವತ್ತೈದು ಡಿಗ್ರಿ ಇರ್ತದ. ಬರ್ಫ ಕರಗಿದ್ರ ಔಷಧ ಹೋತು," ಅಂದಳು. ನನಗೂ ಅದು ಬರೋಬರ್ ಅನ್ನಿಸಿತು. ಬೇಸಿಗೆಯಲ್ಲಿ ರೈಲು ಹತ್ತುವ ಹಿಂದಿನ ದಿನ ನೀರಿನ ಬಾಟಲಿಯನ್ನು ಫ್ರೀಜರಿನಲ್ಲಿಟ್ಟು ಕಲ್ಲು ಮಾಡಿಕೊಂಡು ಹೊರಡುವ ಊರಿನವರು ನಾವು.

ಮೂರನೇ ಮಹಡಿ

ಎದುರುಮನೆಯಾಕೆ ಬಿರ್ಗಿಟ್ಟಾ ವಿಮಾನನಿಲ್ದಾಣಕ್ಕೆ ಬಂದಿದ್ದಳು. ಎಪ್ಪತ್ತರ ಆಸುಪಾಸಿನ ವಿಧವೆ, ಎತ್ತರದ ಹೆಂಗಸು. ನನ್ನ ಚೀಲವನ್ನು ಕಿತ್ತುಕೊಂಡ ಹಾಗೆ ತೆಗೆದುಕೊಂಡಳು. ಬಸ್ಸಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಸಾವಿನ ಮನೆಗೆ ಹೋಗುವವಳಿಗೆಂದು ಎಲ್ಲರೂ ಸುಮ್ಮನಿದ್ದಾರೇನೋ ಎಂದುಕೊಂಡೆ. ಆಮೇಲೆ ಗೊತ್ತಾಯಿತು, ಅವರು ದಿನವೂ ಹಾಗೆಯೇ.

ಅಣ್ಣನ ಬಾಗಿಲಲ್ಲಿ ಬಿರ್ಗಿಟ್ಟಾ ಬೂಟು ಬಿಚ್ಚಿ ಬದಿಗಿಟ್ಟು ಒಳಗೆ ಬಂದಳು. ನಾನು ಅವಳ ಕಾಲನ್ನೇ ನೋಡಿದೆ. ಅಲ್ಲಿ ಎಲ್ಲರೂ ಹಾಗೆ ಮಾಡುತ್ತಾರಂತೆ. ಅಣ್ಣ ಮೂವತ್ತು ವರ್ಷ ಯಾರ ನಡುವೆ ಬದುಕಿದನೋ ಎಂಬ ಚಿಂತೆ ನನಗೆ ಯಾವಾಗಲೂ ಇತ್ತು. ಆ ಕ್ಷಣ ಅದು ಸ್ವಲ್ಪ ಕಡಿಮೆಯಾಯಿತು.

ಎರಡು ಕೋಣೆಯ ಮನೆ. ಮಲಗುವ ಕೋಣೆಯ ಗೋಡೆಯುದ್ದಕ್ಕೂ ರಟ್ಟಿನ ಪೆಟ್ಟಿಗೆಗಳು, ಒಳಗೆ ಹೊಟ್ಟೆಗೆ ಬಿಡುವ ನೀರಿನ ಚೀಲಗಳು. ಹಾಸಿಗೆಯ ಪಕ್ಕದ ಕೋಲಿನ ಮೇಲೆ ಚೀಲ ನೇತುಹಾಕಲು ಒಂದು ಕೊಕ್ಕೆ. ಹಾಸಿಗೆಯಲ್ಲಿ ಮಲಗಿದರೆ ಕೊಕ್ಕೆ ಕಾಣುತ್ತದೆ, ಕಿಟಕಿ ಕಾಣುವುದಿಲ್ಲ. ನಾನು ಹಾಸಿಗೆಯನ್ನು ತಿರುಗಿಸಿ ಹಾಕಿ, ಆಮೇಲೆ ಯಾಕೆ ಹಾಗೆ ಮಾಡಿದೆನೆಂದು ತಿಳಿಯದೆ ನಿಂತುಕೊಂಡೆ.

ಫ್ರಿಜ್ಜಿನಲ್ಲಿ ಒಂದು ಪೊಟ್ಟಣ ಬೆಣ್ಣೆ, ಮಾವಿನಕಾಯಿ ಉಪ್ಪಿನಕಾಯಿಯ ಬಾಟಲಿ, ನಡುವಿನ ತಟ್ಟೆಯ ಮೇಲೆ ಉದ್ದನೆಯ ರಟ್ಟಿನ ಡಬ್ಬಿಗಳು. ಪ್ರತಿ ಡಬ್ಬಿಯ ಮೇಲೂ ಅಂಟಿಸಿದ ಚೀಟಿಯಲ್ಲಿ ಅಣ್ಣನ ಹೆಸರು. ಪ್ರಮಿಳಾ ಹೆಸರು ಬರೆದುಕೊಟ್ಟ ಚೀಟಿಯ ಜೊತೆ ಅಕ್ಷರ ಅಕ್ಷರ ತಾಳೆ ನೋಡಿದೆ. ಅದೇ ಔಷಧ. ತುಂಬಿಸಿಟ್ಟ ಸಿರಿಂಜುಗಳು, ಹದಿನಾಲ್ಕು. ಏಳು ವಾರಕ್ಕೆ ಸಾಕು. ಮಂಜೂಳಿಗೆ ನಿಗದಿಯಾಗಿದ್ದ ಜೂನ್ ಕೊನೆಯ ಆಪರೇಷನ್ನಿಗೆ ಸರಿಯಾಗಿ.

ಅಣ್ಣ ಹೋದಮೇಲೆ ನನಗೆ ಮೊದಲ ಸಲ ಸಮಾಧಾನದಂಥದ್ದು ಆದದ್ದು ಆಗ. ಡಬ್ಬಿಗಳನ್ನು ಎರಡೂ ಕೈಯಲ್ಲಿ ತೆಗೆದು ಮೇಲಿನ ಫ್ರೀಜರಿನಲ್ಲಿ ಇಟ್ಟೆ, ಮಗ್ಗುಲಿಗೆ ನೀಲಿ ಡಬ್ಬಿಯ ನೀರಿನ ಪ್ಯಾಕುಗಳನ್ನೂ ಜೋಡಿಸಿದೆ. ಬೆಳಿಗ್ಗೆ ತೆಗೆದು ಮುಟ್ಟಿ ನೋಡಿದೆ. ಕಲ್ಲಿನ ಹಾಗೆ ಗಟ್ಟಿಯಾಗಿದ್ದವು.

ಕಸದ ಕೋಣೆ

ಆ ಕಟ್ಟಡದ ನೆಲಮಾಳಿಗೆಯಲ್ಲಿ ಕಸಕ್ಕೇ ಒಂದು ಕೋಣೆ. ನಮ್ಮ ಬಡಾವಣೆಯ ಕೆಲವು ಮನೆಗಳಿಗಿಂತ ಸ್ವಚ್ಛ. ಬಣ್ಣದ ಗಾಜಿಗೆ ಬೇರೆ ಪೆಟ್ಟಿಗೆ, ಬಿಳಿ ಗಾಜಿಗೆ ಬೇರೆ, ಪತ್ರಿಕೆಗೆ, ರಟ್ಟಿಗೆ, ತಗಡಿಗೆ. ಮೊದಲ ದಿನ ಉಪ್ಪಿನಕಾಯಿಯ ಬಾಟಲಿಯನ್ನು ಮುಚ್ಚಳದೊಂದಿಗೆ ಹಾಕಿದೆ. ಯಾರೋ ಒಬ್ಬ ಮುದುಕ ಮಾತಿಲ್ಲದೆ ಕೈಹಾಕಿ ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ, ಎರಡನ್ನೂ ಎರಡು ಕಡೆ ಹಾಕಿ, ನನಗೆ ತಲೆಬಾಗಿ ನಮಸ್ಕರಿಸಿ ಹೋದ. ನಮ್ಮಲ್ಲಿ ಬಾಟಲಿಯನ್ನು ರದ್ದಿಯವನಿಗೆ ಕೊಡುತ್ತೇವೆ, ಅಲ್ಲಿ ಪೆಟ್ಟಿಗೆಗೆ ಕೊಡುತ್ತಾರೆ ಎಂದುಕೊಂಡೆ.

ಎರಡನೆಯ ದಿನ ಅಣ್ಣನ ಗುಳಿಗೆಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ಕೆಳಗೆ ಒಯ್ದೆ. ಬಿರ್ಗಿಟ್ಟಾ ಅಲ್ಲೇ ಪತ್ರಿಕೆಗಳನ್ನು ಹಾಕುತ್ತಿದ್ದಳು. ಚೀಲದೊಳಗೆ ಇಣುಕಿ ನೋಡಿ ನನ್ನ ಮುಂಗೈ ಹಿಡಿದಳು. ಇದು ಇಲ್ಲಿ ಅಲ್ಲ ಅಂದಳು.

ಮೇಲೆ ಅವಳ ಮನೆಯಲ್ಲಿ ಕಾಫಿ ಕುಡಿಯುತ್ತ ವಿವರಿಸಿದಳು. ಮನೆಯಲ್ಲಿ ಉಳಿದ ಔಷಧವನ್ನು ಕಸಕ್ಕೆ ಹಾಕುವ ಹಾಗಿಲ್ಲ, ಸಂಡಾಸಿಗೂ ಹಾಕುವ ಹಾಗಿಲ್ಲ. ಹಾಕಿದರೆ ಅದು ನದಿಗೆ, ಮೀನಿಗೆ, ಕೊನೆಗೆ ಕುಡಿಯುವ ನೀರಿಗೆ ಹೋಗುತ್ತದೆ. ಔಷಧದಂಗಡಿಗೇ ಮರಳಿ ಕೊಡಬೇಕು; ಅಂಗಡಿಯವರು ಬೇಡ ಅನ್ನುವಂತಿಲ್ಲ. ಅಲ್ಲಿಂದ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಕುಲುಮೆಗೆ ಹೋಗಿ ಸುಡುತ್ತದೆ. ಸೂಜಿಗಳಿಗೆ ಬೇರೆ ಹಳದಿ ಡಬ್ಬಿ. ಚೆನ್ನಾಗಿರುವ ಔಷಧವನ್ನೂ ಸುಡುತ್ತಾರೆಯೇ ಎಂದು ಕೇಳಿದೆ. ಎಲ್ಲವನ್ನೂ ಅಂದಳು. ತೆರೆಯದ ಡಬ್ಬಿಯನ್ನೂ? ಅದನ್ನೂ. ಆಮೇಲೆ ನನ್ನ ಮುಖ ನೋಡಿ, ಸಮಾಧಾನ ಹೇಳುವವಳಂತೆ, "ಈ ದೇಶದಲ್ಲಿ ಹಳೆಯ ಪತ್ರಿಕೆಗಳನ್ನು ಕಟ್ಟಿ ಕೆಳಗಿಟ್ಟ ಮೇಲೇ ಸಾಯಲು ಅನುಮತಿ," ಅಂದಳು. ನಗಬೇಕೋ ಬಿಡಬೇಕೋ ತಿಳಿಯಲಿಲ್ಲ. ಅವಳೂ ನಗಲಿಲ್ಲ.

ನಾನು ನಮ್ಮ ಮನೆಯನ್ನು ನೆನೆದೆ. ಮಾವ ತೀರಿಕೊಂಡಾಗ ಅವರ ಗುಳಿಗೆ, ಟಾನಿಕ್ಕು, ಕಣ್ಣಿನ ಹನಿ ಎಲ್ಲವನ್ನೂ ಪಂಚೆಯಲ್ಲಿ ಕಟ್ಟಿ, ಅಸ್ಥಿಯ ಜೊತೆ ಕನ್ಹಾನ್ ನದಿಗೆ ಬಿಟ್ಟಿದ್ದೆವು. ಹೋದವರ ವಸ್ತು ಹರಿಯುವ ನೀರಿಗೆ ಎಂದು ಹಿರಿಯರು ಹೇಳಿದ್ದರು. ಊರಿನ ನಲ್ಲಿಗೆ ಆ ನದಿಯ ನೀರೂ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಎರಡನ್ನೂ ಒಟ್ಟಿಗೆ ಯಾರೂ ಯೋಚಿಸಿರಲಿಲ್ಲ, ನಾನೂ. ಆಸ್ಪತ್ರೆಯ ಕಸಕ್ಕೆ ನಮ್ಮಲ್ಲೂ ನಿಯಮ ಬಂದಿತ್ತು. ಅದರ ಒಂದು ಸುತ್ತೋಲೆಯನ್ನು ನಾನೇ ಟೈಪು ಮಾಡಿದ್ದೆ. ಆದರೆ ಆ ನಿಯಮ ಆಸ್ಪತ್ರೆಯ ಗೇಟಿಗೆ ಬಂದು ನಿಲ್ಲುತ್ತಿತ್ತು. ಮನೆಯ ಕಪಾಟಿನವರೆಗೆ ಬಂದಿರಲಿಲ್ಲ.

ಬಿರ್ಗಿಟ್ಟಾ ಒಂದು ಪಾರದರ್ಶಕ ಚೀಲ ಕೊಟ್ಟಳು. ಅಣ್ಣನ ಗುಳಿಗೆಗಳನ್ನೆಲ್ಲ ಅದಕ್ಕೆ ವರ್ಗಾಯಿಸಿದೆ. ಫ್ರೀಜರಿನ ಹದಿನಾಲ್ಕರ ವಿಷಯ ಅವಳಿಗೆ ಹೇಳಲಿಲ್ಲ. ನನ್ನ ಚೀಲ ಹೊತ್ತವಳಿಂದ ಮುಚ್ಚಿಟ್ಟೆನಲ್ಲ ಎಂಬ ಸಂಕಟ ಆಯಿತು, ಆದರೂ ಹೇಳಲಿಲ್ಲ.

ಪ್ರಾರ್ಥನಾಮಂದಿರ

ಅಂತ್ಯಕ್ರಿಯೆಗೆ ನಾನು ಬಿಳಿ ಸೀರೆ ಉಟ್ಟಿದ್ದೆ, ಅವರೆಲ್ಲ ಕಪ್ಪು ತೊಟ್ಟಿದ್ದರು. ಕಾರ್ಖಾನೆಯಿಂದ ಐದು ಮಂದಿ ಬಂದಿದ್ದರು. ಒಬ್ಬೊಬ್ಬರಾಗಿ ಶವಪೆಟ್ಟಿಗೆಯ ಬಳಿ ಹೋಗಿ, ಒಂದು ಹೂವಿಟ್ಟು, ಒಂದು ನಿಮಿಷ ತಲೆಬಾಗಿ ನಿಂತು, ತಿರುಗಿ ಬಂದು ಕೂತರು. ಯಾರೂ ಅಳಲಿಲ್ಲ. ಊರಿನಿಂದ ತಂದ ಎಳ್ಳು ಅಕ್ಕಿಯನ್ನು ಹಾಕಬಹುದೇ ಎಂದು ಪಾದ್ರಿಯನ್ನು ಕೇಳಿದೆ. ಅವಳು, ಅಲ್ಲಿ ಹೆಂಗಸರೂ ಪಾದ್ರಿಗಳು, ನನ್ನ ಜೊತೆ ಪೆಟ್ಟಿಗೆಯತನಕ ಬಂದು ನಿಂತಳು. ಹಾಕಿದೆ. ಕಾಳುಗಳು ಮರದ ಮುಚ್ಚಳದ ಮೇಲೆ ಸದ್ದು ಮಾಡುತ್ತ ಜಾರಿ ನೆಲಕ್ಕೆ ಬಿದ್ದವು. ಆ ಸದ್ದಿನಲ್ಲೂ ನನಗೆ ಅಳು ಬರಲಿಲ್ಲ. ಮನೆಯ ಅಂಗಳದಲ್ಲಿ ಹತ್ತು ಹೆಂಗಸರು ಗಟ್ಟಿಯಾಗಿ ಅತ್ತರೆ ಹನ್ನೊಂದನೆಯವಳಿಗೂ ಅಳು ಬರುತ್ತದೆ. ಅಲ್ಲಿ ಒಬ್ಬಳೇ ಶುರುಮಾಡಬೇಕಿತ್ತು.

ಆಮೇಲೆ ಪಕ್ಕದ ಕೋಣೆಯಲ್ಲಿ ಕಾಫಿ. ಕಾರ್ಖಾನೆಯ ಒಬ್ಬ ನನ್ನ ಬಳಿ ಬಂದು, ವಾಸು ಪ್ರತಿ ವರ್ಷ ಡಿಸೆಂಬರಿನಲ್ಲಿ ಖಾರದ ಅವಲಕ್ಕಿ ಮಾಡಿ ತರುತ್ತಿದ್ದ, ನಾವೆಲ್ಲ ಕಣ್ಣೀರಿಟ್ಟು ತಿನ್ನುತ್ತಿದ್ದೆವು ಅಂದ. ಅಣ್ಣನಿಗೆ ಅಡುಗೆ ಬರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ದಹನವಾಗಿ ಎಂಟು ದಿನಕ್ಕೆ ಬೂದಿ ಸಿಕ್ಕಿತು. ಅದರ ಜೊತೆ ಮೊಹರು ಹಾಕಿದ ಒಂದು ಕಾಗದ: ಇದು ಇಂಥವರ ಅಸ್ಥಿ, ದೇಶದ ಹೊರಗೆ ಒಯ್ಯಬಹುದು ಎಂದು. ಅಲ್ಲಿ ಬೂದಿಯನ್ನು ಕೂಡ ಅನುಮತಿಯಿಲ್ಲದೆ ನೀರಿಗೆ ಬಿಡುವ ಹಾಗಿಲ್ಲ. ಆ ಕಾಗದ ಕೈಗೆ ಬಂದಾಗ ನನ್ನೊಳಗಿನ ಗುಮಾಸ್ತೆಗೆ ಧೈರ್ಯ ಬಂತು. ಬೂದಿಗೆ ಕಾಗದ ಕೊಡುವ ದೇಶ ಇಂಜೆಕ್ಷನ್ನಿಗೂ ಒಂದು ಕಾಗದ ಕೊಡಬಹುದು. ಕಾಗದವಿದ್ದರೆ ಕದ್ದು ಒಯ್ಯಬೇಕಾಗಿಲ್ಲ.

ಔಷಧದಂಗಡಿ

ಹೊರಡುವ ಹಿಂದಿನ ದಿನ ಒಂದು ಕೈಯಲ್ಲಿ ಗುಳಿಗೆಯ ಚೀಲ, ಇನ್ನೊಂದರಲ್ಲಿ ನೀಲಿ ಡಬ್ಬಿ ಹಿಡಿದು ಹೋದೆ. ಬಿರ್ಗಿಟ್ಟಾಗೆ ಬರಬೇಡವೆಂದಿದ್ದೆ. ಅಂಗಡಿಯ ಬಾಗಿಲಲ್ಲಿ ಒಂದು ಯಂತ್ರ. ಅದರಿಂದ ಚೀಟಿ ಕಿತ್ತುಕೊಂಡು, ನಂಬರು ಬರುವತನಕ ಕೂರಬೇಕು. ನನಗೆ ಗೊತ್ತಿರಲಿಲ್ಲ. ಇಪ್ಪತ್ತು ನಿಮಿಷ ಕೌಂಟರಿನ ಮುಂದೆ ನಿಂತೇ ಇದ್ದೆ. ಜನ ನನ್ನ ಸುತ್ತ ಬಳಸಿ ಹೋಗುತ್ತಿದ್ದರು, ಯಾರೂ ಒಂದು ಮಾತಾಡಲಿಲ್ಲ. ಕೊನೆಗೆ ಒಬ್ಬ ಅಜ್ಜಿ ತನ್ನ ಚೀಟಿಯನ್ನು ನನ್ನ ಕೈಗಿಟ್ಟು ತಾನು ಹೊಸದು ತೆಗೆದುಕೊಂಡಳು.

ಕೌಂಟರಿನಲ್ಲಿದ್ದವಳು ನನಗೆ ಮಗಳಾಗುವ ವಯಸ್ಸಿನವಳು. ಇರಾನಿನಿಂದ ಚಿಕ್ಕವಳಿದ್ದಾಗ ಬಂದವಳಂತೆ, ಇಂಗ್ಲಿಷ್ ಚೆನ್ನಾಗಿತ್ತು. ಗುಳಿಗೆಯ ಚೀಲ ತೆಗೆದುಕೊಂಡು, ಹೆಸರಿನ ಚೀಟಿಗಳ ಮೇಲೆ ಗೆರೆ ಎಳೆಯಲು ಕಪ್ಪು ಪೆನ್ನು ಕೊಟ್ಟಳು. ತೀರಿಕೊಂಡವರ ಹೆಸರು ಕಸದಲ್ಲಿ ಯಾರ ಕಣ್ಣಿಗೂ ಬೀಳಬಾರದು ಎಂದಳು. ನಾನು ಪೆನ್ನನ್ನು ಹಾಗೆಯೇ ಹಿಡಿದು, ಮೊದಲು ನನ್ನದೊಂದು ವಿನಂತಿಯಿದೆ ಎಂದೆ. ನೀಲಿ ಡಬ್ಬಿ ತೆರೆದು ಎಲ್ಲ ಹೇಳಿದೆ. ಮಂಜೂಳ ವಯಸ್ಸು, ಪೋಲಿಯೊ ಡಬ್ಬಿ, ವಾರ್ಡಿನ ರೂಢಿ, ಏಳು ವಾರದ ಲೆಕ್ಕ. ಒಯ್ಯಲು ಒಂದು ಕಾಗದ ಬೇಕು ಎಂದೆ.

ಅವಳು ಒಂದು ಡಬ್ಬಿ ಎತ್ತಿಕೊಂಡಳು. ಎತ್ತಿದ ಕೂಡಲೇ ಬೆರಳು ಹಿಂದೆಗೆದಳು. ಇದನ್ನು ಎಲ್ಲಿ ಇಟ್ಟಿದ್ದಿರಿ?

"ಫ್ರೀಜರಿನಲ್ಲಿ," ಎಂದೆ. "ಹದಿನೈದು ದಿನದಿಂದ. ಒಂದು ಗಂಟೆಯೂ ಕರಗಲು ಬಿಟ್ಟಿಲ್ಲ."

ಅದನ್ನು ಹೆಮ್ಮೆಯಿಂದಲೇ ಹೇಳಿದೆ. ಅವಳು ಡಬ್ಬಿಯನ್ನು ತಿರುಗಿಸಿ, ಅಂಚಿನಲ್ಲಿದ್ದ ಮೂರು ಪದಗಳ ಮೇಲೆ ಬೆರಳಿಟ್ಟಳು. ಆ ಭಾಷೆ ನನಗೆ ಬರುವುದಿಲ್ಲ. ಅವಳು ಓದಿ ಹೇಳಿದಳು: ಹೆಪ್ಪುಗಟ್ಟಲು ಬಿಡಬಾರದು.

ಈ ಔಷಧಕ್ಕೆ ತಂಪು ಬೇಕು, ಹಿಮ ಆಗದು. ಪೋಲಿಯೊ ಹನಿಯನ್ನು ಹಿಮದಲ್ಲಿಡಬಹುದು, ಅದರ ಜಾತಿಯೇ ಬೇರೆ, ಇದರ ಜಾತಿಯೇ ಬೇರೆ ಎಂದು ನಿಧಾನವಾಗಿ ಹೇಳಿದಳು. ಕರಗಿದ ಮೇಲೆ ನೋಡಲು ಮೊದಲಿನ ಹಾಗೆಯೇ ತಿಳಿಯಾಗಿರುತ್ತದೆ. ಕೊಟ್ಟರೆ ಏನೂ ಆಗದಿರಬಹುದು. ಅಥವಾ ಹುಡುಗಿಯ ಮೈ ತನ್ನದೇ ರಕ್ತದ ವಿರುದ್ಧ ತಿರುಗಬಹುದು. ಕಣ್ಣಿನಿಂದ ನೋಡಿ ಹೇಳಲು ಯಾರಿಗೂ ಸಾಧ್ಯವಿಲ್ಲ. "ಮನೆಯಿಂದ ಮರಳಿ ಬಂದದ್ದನ್ನು ಇನ್ನೊಬ್ಬರಿಗೆ ಕೊಡಬಾರದು ಎಂಬ ಕಾಯದೆ ಇರುವುದು ಇದಕ್ಕೇ. ಯಾರ ಮನೆಯಲ್ಲಿ ಅದಕ್ಕೆ ಏನಾಗಿದೆಯೋ ನಮಗೆ ಗೊತ್ತಿರುವುದಿಲ್ಲ," ಎಂದಳು. ಫ್ರೀಜರಿನಲ್ಲಿ ಇಟ್ಟಿರದಿದ್ದರೂ ತಾನು ಕಾಗದ ಕೊಡುವ ಹಾಗಿರಲಿಲ್ಲವಂತೆ. ಚೀಟಿಯ ಮೇಲೆ ಯಾರ ಹೆಸರಿದೆಯೋ ಅವರಿಗೆ ಮಾತ್ರ ಅದು ಔಷಧ.

ನಮ್ಮಲ್ಲಿ ಔಷಧ ಹೋದವರದಲ್ಲ, ಉಳಿದವರದು ಎಂದೆ. "ನನ್ನ ಅಮ್ಮನೂ ಹೀಗೆಯೇ ಹೇಳುತ್ತಿದ್ದಳು," ಎಂದಳು. ಡಬ್ಬಿಯನ್ನು ನನ್ನ ಕಡೆಗೇ ಸರಿಸಿದಳು. ಕಿತ್ತುಕೊಳ್ಳಲಿಲ್ಲ. ನೀವೇ ತೀರ್ಮಾನಿಸಿ ಎಂದು ಮುಂದಿನ ನಂಬರಿನವರನ್ನು ಕರೆದಳು.

ಬೆಂಚಿನ ಮೇಲೆ ಕೂತೆ. ತೊಡೆಯ ಮೇಲೆ ಡಬ್ಬಿ ತಣ್ಣಗಿತ್ತು. ಮುಚ್ಚಳ ಮುಚ್ಚಿಕೊಂಡು ಎದ್ದುಹೋದರೆ ಕೇಳುವವರು ಯಾರೂ ಇರಲಿಲ್ಲ. ಇಡೀ ನಾಗಪುರದಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಏನೂ ಆಗದಿರಬಹುದು ಎಂದು ಅವಳೇ ಹೇಳಿದ್ದಳು. ಮಂಜೂ ಮೆಟ್ಟಿಲು ಹತ್ತುವಾಗ ಆರನೆಯ ಮೆಟ್ಟಿಲಿಗೆ ನಿಂತು, ಯಾರೋ ಕರೆದಂತೆ ನಟಿಸಿ ಹಿಂದೆ ತಿರುಗುವುದು ಕಣ್ಣಿಗೆ ಬಂತು. ಉಸಿರು ತೆಗೆದುಕೊಳ್ಳಲು ಅವಳು ಹಾಗೆ ಮಾಡುತ್ತಾಳೆ. ಒಯ್ದರೆ, ಅವಳ ಮೈಗೆ ಇದು ಹೋಗುವುದನ್ನು ನಾನು ಹದಿನಾಲ್ಕು ಸಲ ನೋಡಬೇಕಾಗುತ್ತದೆ.

ಎದ್ದು, ಕೌಂಟರಿನ ಮೂಲೆಯಲ್ಲಿ 'ವಾಸುದೇವ' ಎಂಬ ಹೆಸರಿನ ಮೇಲೆ ಗೆರೆ ಎಳೆಯತೊಡಗಿದೆ. ಗುಳಿಗೆಯ ಡಬ್ಬಿಗಳು ಮೊದಲು, ಆಮೇಲೆ ಇಂಜೆಕ್ಷನ್ನಿನವು. ಎಷ್ಟನೆಯದರಲ್ಲೋ ಕೈ ನಿಂತಿತು. ಪ್ರಾರ್ಥನಾಮಂದಿರದಲ್ಲಿ ಬಾರದ ಅಳು ಅಲ್ಲಿ, ಕೆಮ್ಮಿನ ಔಷಧ ಕೊಳ್ಳಲು ಬಂದವರ ನಡುವೆ ಬಂತು. ಯಾರೂ ತಿರುಗಿ ನೋಡಲಿಲ್ಲ. ಬಸ್ಸಿನಲ್ಲಿ ನನಗೆ ಕಠಿಣವಾಗಿ ಕಂಡಿದ್ದ ಅವರ ಮೌನ ಆಗ ಉಪಕಾರವಾಗಿ ಕಂಡಿತು.

ಮುಂಬಯಿ

ಕಸ್ಟಮ್ಸಿನವನು ಖಾಲಿ ನೀಲಿ ಡಬ್ಬಿ ನೋಡಿ, ಪೋಲಿಯೊ ಡ್ಯೂಟಿಯಾ ಎಂದು ಹಿಂದಿಯಲ್ಲಿ ಕೇಳಿದ. ಅಸ್ಥಿಯ ಕಾಗದ ತೋರಿಸಿದೆ. ಎದ್ದು ನಿಂತು ದಾರಿ ಬಿಟ್ಟ. ನಾಗಪುರದ ವಿಮಾನಕ್ಕೆ ಕಾಯುತ್ತ, ಪ್ರಮಿಳಾಗೆ ಏನು ಹೇಳುವುದೆಂದು ಯೋಚಿಸಿದೆ. ಫ್ರೀಜರಿನ ಮಾತು ಹೇಳಿದರೆ ತಪ್ಪು ಅವಳ ತಲೆಗೂ ಹೋಗುತ್ತದೆ. ಗಟ್ಟಿ ಬರ್ಫ ಮಾಡಿ ಎಂದವಳು ಅವಳೇ. ಮಗಳ ಚಿಂತೆಯಲ್ಲಿರುವ ತಾಯಿಗೆ ಅದನ್ನೂ ಯಾಕೆ ಹೊರಿಸುವುದು? ಆ ದೇಶದ ಕಾಯದೆ ಬಿಡಲಿಲ್ಲ ಎಂದರೆ ಸಾಕು. ಅದು ಸುಳ್ಳೂ ಅಲ್ಲ.

ಮತ್ತೆ ಮನೀಶ್ ನಗರ

ಹಾಗೆಯೇ ಹೇಳಿದೆ. ಪ್ರಮಿಳಾ ಖಾಲಿ ಡಬ್ಬಿಯನ್ನು ಕೈಯಲ್ಲಿ ಹಿಡಿದು, "ಕಾಯದೆ ಅಂದಮ್ಯಾಲೆ ನೀವರ ಏನ್ ಮಾಡ್ತೀರಿ ವೈನಿ," ಅಂದಳು. ಅವಳು ಹಾಗೆ ಒಪ್ಪಿ ಬಿಟ್ಟುಬಿಟ್ಟಾಗ ನನಗೆ ಇನ್ನೂ ಕಷ್ಟವಾಯಿತು.

ಅಸ್ಥಿ ಬಿಟ್ಟುಬಂದೆವು. ನಾನು ಮರಳಿದ ನಾಲ್ಕನೆಯ ದಿನ ಬೆಳಿಗ್ಗೆ ಅವರ ಮನೆಗೆ ಹೋಗಿದ್ದೆ. ಮಂಜೂಳ ಡಯಾಲಿಸಿಸ್ ದಿನ. ಅವಳು ಬಾಗಿಲ ಬಳಿ ಕೂತು ಚಪ್ಪಲಿಯ ಪಟ್ಟಿ ಹಾಕಿಕೊಳ್ಳುತ್ತಿದ್ದಳು. ಈ ವಾರ ಹೇಗೋ ಎರಡು ತಂದೀನ್ರಿ ಎಂದು ಪ್ರಮಿಳಾ ಫ್ರಿಜ್ಜಿನ ಕಡೆ ಹೋದಳು. ಥರ್ಮಾಸಿನ ಮುಚ್ಚಳ ತೆಗೆದಿಟ್ಟು, ಕೆಳಗಿನ ಬಾಗಿಲಲ್ಲ, ಮೇಲಿನ ಸಣ್ಣ ಬಾಗಿಲು ಎಳೆದಳು. ಬರ್ಫದ ಖಾನೆಯೊಳಗಿಂದ ಒಂದು ಸ್ಟೀಲ್ ಡಬ್ಬಿ ಹೊರಗೆ ಬಂತು.

"ಅಲ್ಲೇ ಇಡ್ತೀಯೇನು?" ಎಂದೆ.

"ಮತ್ತೆಲ್ಲಿ ಇಡೂದ್ರಿ? ಲೋಡ್‌ಶೆಡ್ಡಿಂಗ್‌ನ್ಯಾಗ ನಾಕ್ ನಾಕ್ ತಾಸು ಲೈಟ್ ಇರಂಗಿಲ್ಲ. ಬರ್ಫದಾಗ ಇದ್ರ ಕರಗೂದ್ರಾಗ ಲೈಟ್ ಬರ್ತದ."

"ಎಂದಿನಿಂದ?"

"ಮೊದಲಿಂದನೂ."

ನಾನು ಎದ್ದು ಹೋಗಿ ಅವಳ ಕೈ ಹಿಡಿದೆ. "ಇದನ್ನ ಕೊಡಬ್ಯಾಡ," ಅಂದೆ. "ನಾ ನಿನಗ ಅರ್ಧಾ ಹೇಳೀನಿ ಪ್ರಮಿಳಾ. ಕಾಯದೆನೂ ಬಿಡಲಿಲ್ಲ, ಖರೇ. ಆದ್ರ ಅದಕ್ಕೂ ಮೊದಲ ನಾನಽ ಅವನ್ನ ಫ್ರೀಜರಿನ್ಯಾಗ ಇಟ್ಟು ಕೆಡಿಸಿದ್ದೆ. ಹದಿನಾಲ್ಕೂ."

ಅಂಗಡಿಯವಳು ಹೇಳಿದ್ದನ್ನೆಲ್ಲ ಹೇಳಿದೆ. ಪ್ರಮಿಳಾ ಸ್ಟೀಲ್ ಡಬ್ಬಿ ಹಿಡಿದುಕೊಂಡೇ ನೆಲದ ಮೇಲೆ ಕೂತಳು. ತಾನು ಸಂಬಳ ಸುರಿದು ತಂದು, ತನ್ನ ಕೈಯಾರೆ ಬರ್ಫ ಮಾಡಿ ಕೊಟ್ಟ ಒಂದೊಂದನ್ನೂ ನೆನೆಯುತ್ತಿದ್ದಾಳೆ ಎಂದು ಅವಳ ತುಟಿ ನೋಡಿದರೆ ತಿಳಿಯುತ್ತಿತ್ತು. ಆಮೇಲೆ, "ನಾಕ್ ದಿನಾ ಸುಮ್ನ ಇದ್ರಿ, ವೈನಿ," ಅಂದಳು.

ಬಾಗಿಲಲ್ಲಿ ಕೂತಿದ್ದ ಮಂಜೂ ಇಬ್ಬರನ್ನೂ ನೋಡಿದಳು. "ಆಯಿ ಮ್ಯಾಲೆ ಸಿಟ್ಟಾಗಬ್ಯಾಡ್ರಿ ಮಾವಶಿ," ಅಂದಳು. "ಜಾಗಾ ಇದ್ದಿದ್ರ ಆಕಿ ನನ್ನೂ ಅದರಾಗ ಇಡತಿದ್ಲು."

ಮೂವರೂ ಒಟ್ಟಿಗೆ ಆಸ್ಪತ್ರೆಗೆ ಹೋದೆವು. ಡಾಕ್ಟರು ಬೈಯಲಿಲ್ಲ. ಇಷ್ಟು ದಿನ ರಕ್ತ ಯಾಕೆ ಏರಲಿಲ್ಲ ಎಂಬುದಕ್ಕೆ ಈಗ ಒಂದು ಕಾರಣ ಸಿಕ್ಕಿತು, ಮೈಗೆ ಬೇರೆ ಹಾನಿಯಾಗಿದೆಯೋ ನೋಡಬೇಕು ಎಂದು ಪರೀಕ್ಷೆಗೆ ಬರೆದರು. ಹಾನಿಯಾಗಿರಲಿಲ್ಲ. ಆಪರೇಷನ್ ಮುಂದೆ ಹೋಯಿತು. ಇನ್ನುಮುಂದೆ ಇಂಜೆಕ್ಷನ್ನನ್ನು ವಾರ್ಡಿನ ಫ್ರಿಜ್ಜಿನಲ್ಲೇ ಇಡಿ ಎಂದರು.

ಹಾಳಾದ ಆ ಎರಡನ್ನು ಎಲ್ಲಿ ಕೊಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಕೆಮಿಸ್ಟ್ ಬದಲಿ ಕೊಡಲು ಒಪ್ಪಲಿಲ್ಲ, ಕಸಕ್ಕೆ ಹಾಕಿ ಎಂದ. ಕಸದ ಗಾಡಿಯಿಂದ ಅದು ಚಿಂದಿ ಆಯುವವರ ಕೈಗೆ, ಅಲ್ಲಿಂದ ಇನ್ನೆಲ್ಲಿಗೋ. ನೋಡಲು ಅದು ಹೊಸದರ ಹಾಗೆಯೇ ಇತ್ತು. ವಾರ್ಡಿನ ಹಿರಿಯ ಸಿಸ್ಟರನ್ನು ಕೇಳಿದೆವು. ವಾರ್ಡಿನ ಕಸಕ್ಕೆ ಹಳದಿ ಚೀಲವಿದೆ, ಮನೆಯದನ್ನು ತೆಗೆದುಕೊಳ್ಳಲು ನಿಯಮವಿಲ್ಲ ಎಂದು ಅವರು ಹಿಂದಿಯಲ್ಲಿ ಹೇಳಿದರು. ಅಲ್ಲಿ ಸಾಲಾಗಿ ಕಾಯುತ್ತಿದ್ದ ತಾಯಂದಿರು, ಹೆಂಡಂದಿರು ನಮ್ಮ ಮಾತು ಕೇಳಿಸಿಕೊಂಡಿದ್ದರು. ತಾನೂ ಬರ್ಫದಲ್ಲೇ ಇಟ್ಟಿದ್ದೇನೆ ಎಂದು ಒಬ್ಬಳು ಮೆಲ್ಲಗೆ ಹೇಳಿದಳು. ಆಮೇಲೆ ಇನ್ನೊಬ್ಬಳು.

ಮನೆಗೆ ಬಂದು ಕೂತು, ವಾರ್ಡಿನ ಗೋಡೆಗೆ ಹಚ್ಚಲು ಒಂದು ಸೂಚನೆ ಬರೆದೆ. ಆ ವಾರ್ಡಿನಲ್ಲಿ ಕನ್ನಡ ಓದುವವರಿರಲಿಲ್ಲ, ಮಂಜೂಗೂ ಬಾರದು. ಮರಾಠಿಯಲ್ಲಿ ಬರೆದು ಅವಳಿಂದಲೇ ತಿದ್ದಿಸಿದೆ. ಕೆಳಗೆ ಹಿಂದಿಯಲ್ಲೂ ಬರೆದೆ. ಎರಡೇ ವಾಕ್ಯ. ರಕ್ತ ಹೆಚ್ಚಿಸುವ ಇಂಜೆಕ್ಷನ್ನನ್ನು ಬರ್ಫದ ಖಾನೆಯಲ್ಲಿ ಇಡಬಾರದು. ಕೆಟ್ಟದ್ದನ್ನೂ ತೀರಿಕೊಂಡವರ ಮನೆಯಲ್ಲಿ ಉಳಿದದ್ದನ್ನೂ ಇನ್ನೊಬ್ಬರಿಗೆ ಕೊಡದೆ, ಕಸಕ್ಕೂ ನೀರಿಗೂ ಹಾಕದೆ, ವಾರ್ಡಿಗೆ ತಂದು ಒಪ್ಪಿಸಬೇಕು.

ಎರಡನೆಯ ವಾಕ್ಯ ಬರೆಯುವಾಗ ಕೈ ಬಹಳ ಹೊತ್ತು ನಿಂತಿತು. ಪಕ್ಕದ ಹಾಸಿಗೆಯಿಂದ ಬರುವುದನ್ನೇ ನೆಚ್ಚಿಕೊಂಡವರು ಆ ವಾರ್ಡಿನಲ್ಲಿ ಇದ್ದರು. ಪ್ರಮಿಳಾಳೇ ಹೇಳಿದಳು, "ಬರೀರಿ. ನನಗ ಗೊತ್ತಿದ್ರ ನಾ ಕೇಳತಿದ್ದಿಲ್ಲ."

ಮುಂದಿನ ಡಯಾಲಿಸಿಸ್ ದಿನ ಒಯ್ದು ತೋರಿಸಿದಾಗ ಸಿಸ್ಟರ್ ಮೊದಲ ವಾಕ್ಯಕ್ಕೆ ತಲೆಯಾಡಿಸಿದರು, ಎರಡನೆಯದಕ್ಕೆ ತಡೆದರು. ಮತ್ತೊಮ್ಮೆ ಓದಿದರು. ಹೊರಗಿನ ಬೆಂಚಿನ ಕಡೆ ನೋಡಿದರು. ಇರಲಿ, ತಂದರೆ ಹಳದಿ ಚೀಲಕ್ಕೆ ಹಾಕೋಣ ಎಂದು ಗೋಡೆಯ ಮೇಲೆ ಜಾಗ ತೋರಿಸಿದರು. ಆದರೆ ಸಹಿಯಿಲ್ಲದ ಕಾಗದವನ್ನು ಇಲ್ಲಿ ಹಚ್ಚುವ ಹಾಗಿಲ್ಲ, ಕೆಳಗೆ ಯಾರ ಸಹಿ ಎಂದು ಕೇಳಿದರು.

ಮೂವತ್ತೊಂದು ವರ್ಷ ನಾನು ಆದೇಶಗಳನ್ನು ಟೈಪು ಮಾಡಿ ಬೇರೆಯವರ ಸಹಿಗೆ ಇಟ್ಟವಳು. ಮಂಜೂ ತನ್ನ ಪೆನ್ನನ್ನು ನನ್ನ ಮುಂದೆ ಹಿಡಿದಳು. ನಾನು ನನ್ನ ಹೆಸರು ಬರೆದೆ. ಹುದ್ದೆ ಬರೆಯಬೇಕಾದ ಜಾಗದಲ್ಲಿ ಸ್ವಲ್ಪ ಯೋಚಿಸಿ, ವಾಸುದೇವನ ತಂಗಿ ಎಂದು ಬರೆದೆ.